ವಾಲಗಕ್ಕೆ ಕುಣಿಯುವವರಿಗೊಂದು ಪತ್ರಿಕೆ: ಕೊಡಗಿನಲ್ಲಿ ಸಂಗೀತ ಮ್ಯಾಗಜಿನ್ ವಿನ್ಯಾಸ ಮಾಡುವ ಸಮಗ್ರ ಮಾರ್ಗದರ್ಶಿ

ಸಂಗೀತ ಪತ್ರಿಕೆ ಮಾಡಲು ಹೊರಟವರು ಸಾಮಾನ್ಯವಾಗಿ ಮೊದಲು ಲೋಗೊ ಮಾಡಿಸುತ್ತಾರೆ. ಆಮೇಲೆ ಮುಖಪುಟ. ಆಮೇಲೆ ಬರೆಯುವವರ ಹುಡುಕಾಟ. ಓದುವವರು ಯಾರು ಅನ್ನುವ ಪ್ರಶ್ನೆ ಏಳುವುದು ಪ್ರೆಸ್ಸಿನಿಂದ ಬಂದ ಕಟ್ಟುಗಳು ಮನೆಯ ಮೂಲೆಯಲ್ಲಿ ಹಾಗೇ ಕೂತಾಗ. ಆ ಪ್ರಶ್ನೆಯನ್ನು ಮೊದಲೇ ಕೇಳಿಕೊಂಡರೆ ಪತ್ರಿಕೆಯ ಅಳತೆ, ಕಾಗದ, ಅಕ್ಷರ, ಬಣ್ಣ, ಬಿಡುಗಡೆಯ ದಿನ ಎಲ್ಲಕ್ಕೂ ಅಲ್ಲೇ ಉತ್ತರ ಸಿಗುತ್ತದೆ.

ಕೊಡಗಿನಲ್ಲಿ ಈ ಪ್ರಶ್ನೆ ಸ್ವಲ್ಪ ಕಷ್ಟದ್ದು. 2011ರ ಜನಗಣತಿಯಲ್ಲಿ ಜಿಲ್ಲೆಯ ಜನ ಸುಮಾರು ಐದೂವರೆ ಲಕ್ಷ. ಆದರೆ ಕೇಳುವ ಕಿವಿಗಳು ಎಷ್ಟೋ ಥರ. ಕೊಡವ ಮದುವೆಗೆ ಕೊಂಬು, ಪರೆಯ ವಾಲಗ, ಸುಗ್ಗಿ ಹಬ್ಬ ಪುತ್ತರಿಗೆ ದುಡಿ ಅನ್ನುವ ಸಣ್ಣ ಚರ್ಮವಾದ್ಯ ಬಡಿಯುತ್ತಾ ಹಾಡುವ ದುಡಿಕೊಟ್ಟ್ ಪಾಟ್. ಅರೆಭಾಷೆ ಅನ್ನುವ ಕನ್ನಡದ ಒಂದು ಬಗೆ ಆಡುವ ಗೌಡರ ಸೋಬಾನೆ. ಹಾಡಿಗಳಲ್ಲಿ, ಅಂದರೆ ಆದಿವಾಸಿ ಕೇರಿಗಳಲ್ಲಿ, ಯರವರ, ಕುರುಬರ ಕುಣಿತ. ಸೋಮವಾರಪೇಟೆ ಕಡೆ ಸುಗ್ಗಿ. ಮಾಪಿಳ್ಳೆ ಮುಸ್ಲಿಮರ ಮನೆಗಳಲ್ಲಿ ಮದುವೆಯ ಹಾಡು-ಕುಣಿತ ಒಪ್ಪನ. ಚರ್ಚಿನಲ್ಲಿ ಕ್ವಾಯರ್. ಮಡಿಕೇರಿ ದಸರಾದ ರಾತ್ರಿ ಹತ್ತು ಮಂಟಪಗಳ ಜೊತೆ ಎದೆ ನಡುಗಿಸುವ ಸ್ಪೀಕರ್. ಇವುಗಳ ನಡುವೆ ಗಿಟಾರ್ ಹಿಡಿದ ಕಾಲೇಜು ಹುಡುಗರು. ಇವರೆಲ್ಲರಿಗೂ ಸೇರಿಸಿ ಒಂದೇ ಪತ್ರಿಕೆ ಅಂದರೆ ಪ್ರತಿ ಪುಟವೂ ಬೇರೆ ಯಾರಿಗೋ ಮಾಡಿದ್ದು ಅನ್ನಿಸುತ್ತದೆ.

ಮೊದಲು ಒಬ್ಬ ಓದುಗಿ

ಹಾಗಾಗಿ ಒಬ್ಬರನ್ನು ಆರಿಸಿಕೊಳ್ಳಿ. ಈ ಬರಹದ ಉದ್ದಕ್ಕೂ ನಾನು ಒಬ್ಬಳನ್ನು ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ. ಊರು ಮೂರ್ನಾಡಿನ ಕಡೆ. ವಯಸ್ಸು 24. ಮೈಸೂರಲ್ಲಿ ಓದಿ ಬೆಂಗಳೂರಲ್ಲಿ ಕೆಲಸ. ಇಯರ್‌ಫೋನಿನಲ್ಲಿ ಸಿನಿಮಾ ಹಾಡು, ಇಂಗ್ಲಿಷ್ ಹಾಡು. ಆಯುಧಗಳ ಹಬ್ಬ ಕೈಲ್ ಪೊಳ್ದ್‌ಗೆ, ಪುತ್ತರಿಗೆ, ನೆಂಟರ ಮದುವೆಗೆ ಊರಿಗೆ ಬರುತ್ತಾಳೆ. ವಾಲಗ ಶುರುವಾದರೆ ಮೊದಲು ಎದ್ದು ಕುಣಿಯುವವಳೇ ಅವಳು. ಆದರೆ ಪಾಟ್‌ಕಾರರು ಹಾಡುವ ಮಾತುಗಳಲ್ಲಿ ಅರ್ಧ ಅವಳಿಗೆ ಗೊತ್ತಾಗುವುದಿಲ್ಲ. ಕೇಳೋಣ ಅಂದರೆ ನಾಚಿಕೆ. ಆ ಗೊತ್ತಾಗದ ಅರ್ಧವೇ ನಿಮ್ಮ ಪತ್ರಿಕೆಗೆ ಸಿಕ್ಕ ಜಾಗ.

ನಿಮ್ಮ ಓದುಗ ಬೇರೆಯವರಿರಬಹುದು. ಮಡಿಕೇರಿ ಆಕಾಶವಾಣಿಯಲ್ಲಿ ಕೊಡವ, ಅರೆಭಾಷೆ ಹಾಡುಗಳನ್ನು ತಪ್ಪದೆ ಕೇಳುವ ಅರವತ್ತು ದಾಟಿದ ಹಿರಿಯರು ಅಂತಿಟ್ಟುಕೊಳ್ಳಿ. ಆಗ ಅಕ್ಷರ 13 ಪಾಯಿಂಟ್ ಆಗಬೇಕು, ಕ್ಯೂಆರ್ ಕೋಡ್ ಹೆಚ್ಚು ಕೆಲಸಕ್ಕೆ ಬರುವುದಿಲ್ಲ, ಹಳೆಯ ಫೋಟೊಗಳಿಗೆ ಜಾಗ ಜಾಸ್ತಿ ಬೇಕು. ಎರಡೂ ಬೇರೆ ಬೇರೆ ಪತ್ರಿಕೆಗಳೇ.

ಆರಿಸಿದ ಮೇಲೆ ಹೋಗಿ ಮಾತಾಡಿ. ಒಂದಿಪ್ಪತ್ತು ಜನ ಸಾಕು. ಕಾಲೇಜು ಗೇಟಿನಲ್ಲಿ, ಕಲ್ಯಾಣ ಮಂಟಪದ ಪಾರ್ಕಿಂಗಿನಲ್ಲಿ, ಹಾಕಿ ಹಬ್ಬದ ಗ್ಯಾಲರಿಯಲ್ಲಿ ಸಿಗುತ್ತಾರೆ. "ನಿಮಗೆ ಏನು ಓದಲು ಇಷ್ಟ?" ಅಂತ ಕೇಳಬೇಡಿ. ಎಲ್ಲರೂ ಒಳ್ಳೆಯ ಉತ್ತರ ಕೊಡುತ್ತಾರೆ, ಯಾವುದೂ ಉಪಯೋಗಕ್ಕೆ ಬರಲ್ಲ. ಮಾಡಿದ ಕೆಲಸದ ಬಗ್ಗೆ ಕೇಳಿ. ಕಡೆಯದಾಗಿ ಯಾವ ಹಾಡಿನ ಸಾಹಿತ್ಯ ಫೋನಿನಲ್ಲಿ ಹುಡುಕಿದಿರಿ? ಪತ್ರಿಕೆಯ ಯಾವ ಪುಟವನ್ನು ಫೋಟೊ ತೆಗೆದು ಯಾರಿಗೆ ಕಳಿಸಿದಿರಿ? ಮನೆಗೆ ಬರುವ ಪತ್ರಿಕೆಗೆ ದುಡ್ಡು ಕೊಡುವವರು ಯಾರು? ಈ ಮೂರನೇ ಪ್ರಶ್ನೆ ಮುಖ್ಯ. ಮಗಳು ಓದಿ ಅಪ್ಪ ದುಡ್ಡು ಕೊಡುವ ಪತ್ರಿಕೆಯಾದರೆ ಮುಖಪುಟ ಇಬ್ಬರನ್ನೂ ಒಪ್ಪಿಸಬೇಕು.

ಬೇರೆಯವರು ಮಾಡಿದ್ದು

ಅಮೆರಿಕದ ರೋಲಿಂಗ್ ಸ್ಟೋನ್ 1967ರ ನವೆಂಬರಿನಲ್ಲಿ ಶುರುವಾದಾಗ ನ್ಯೂಸ್‌ಪ್ರಿಂಟ್ ಕಾಗದದ ಪತ್ರಿಕೆ. ಓದುಗರು ಯುವಕರು, ಹೊಳೆಯುವ ಕಾಗದ ಅವರಿಗೆ ಬೇಕಿರಲಿಲ್ಲ. ಬ್ರಿಟನ್ನಿನ ಸ್ಮ್ಯಾಶ್ ಹಿಟ್ಸ್ 1978ರಲ್ಲಿ ಬಂತು. ಹದಿಹರೆಯದವರಿಗೆ ಹಾಡಿನ ಸಾಹಿತ್ಯ ಬೇಕು ಅಂತ ತಿಳಿದು ಅದನ್ನೇ ಅಚ್ಚು ಹಾಕಿ ಗೆದ್ದಿತು. ನಮ್ಮಲ್ಲಿ ಜಾತ್ರೆಯಲ್ಲಿ, ಟಾಕೀಸಿನ ಬಾಗಿಲಲ್ಲಿ ಚಿತ್ರಗೀತೆಗಳ ಸಣ್ಣ ಪುಸ್ತಕ ಮಾರುತ್ತಿದ್ದವರಿಗೂ ಇದೇ ಗುಟ್ಟು ಗೊತ್ತಿತ್ತು. ಚೆನ್ನೈನ ಶ್ರುತಿ 1983ರಿಂದ ಶಾಸ್ತ್ರೀಯ ಸಂಗೀತ, ನೃತ್ಯದ ಓದುಗರನ್ನೇ ನಂಬಿಕೊಂಡಿತು. ರಾಕ್ ಸ್ಟ್ರೀಟ್ ಜರ್ನಲ್ 1993ರಲ್ಲಿ ಹುಟ್ಟಿದ್ದು ಮುಂಬೈಯಲ್ಲೂ ಅಲ್ಲ, ಬೆಂಗಳೂರಲ್ಲೂ ಅಲ್ಲ, ಅಲಹಾಬಾದಿನಲ್ಲಿ. ಮಡಿಕೇರಿಯಂಥ ಊರಿನಲ್ಲಿ ಕೂತು ಪತ್ರಿಕೆ ಮಾಡುವವರು ಇದನ್ನು ನೆನಪಿಟ್ಟುಕೊಳ್ಳಬಹುದು.

ಉಲ್ಟಾ ಉದಾಹರಣೆಯೂ ಇದೆ. ರೇ ಗನ್ ಅನ್ನುವ ಅಮೆರಿಕದ ಪತ್ರಿಕೆಯ ವಿನ್ಯಾಸಕ ಡೇವಿಡ್ ಕಾರ್ಸನ್‌ಗೆ ಒಂದು ಸಂದರ್ಶನ ಬೋರ್ ಅನ್ನಿಸಿತು. ಇಡೀ ಸಂದರ್ಶನವನ್ನು ಬರೀ ಚಿಹ್ನೆಗಳ ಫಾಂಟಿನಲ್ಲಿ ಕೂರಿಸಿಬಿಟ್ಟ. ಒಂದಕ್ಷರ ಓದಲಾಗುವುದಿಲ್ಲ. ಅವನ ಓದುಗರು ಅದನ್ನು ಮೆಚ್ಚಿಕೊಂಡರು. ಮೂರ್ನಾಡಿನ ನಮ್ಮ ಹುಡುಗಿ ಮೆಚ್ಚಲ್ಲ.

ಹೆಸರು ಮತ್ತು ಮುಖಪುಟ

ಹೆಸರು ಎರಡು ಮೂರು ಅಕ್ಷರದ್ದಿದ್ದರೆ ಒಳ್ಳೆಯದು, ದೂರದಿಂದ ದೊಡ್ಡದಾಗಿ ಕಾಣುತ್ತದೆ. ಕ್ರಮವಾಗಿ ತಿಂಗಳಿಗೋ ಮೂರು ತಿಂಗಳಿಗೋ ತರುವುದಾದರೆ ನೋಂದಣಿ ಬೇಕು. 1867ರ ಹಳೆಯ ಕಾಯ್ದೆ ಹೋಗಿ 2023ರ ಹೊಸ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಅರ್ಜಿ ಪ್ರೆಸ್ ಸೇವಾ ಪೋರ್ಟಲಿನಲ್ಲಿ. ಮನಸ್ಸಿಗೆ ಮೊದಲು ಬರುವ ಹೆಸರನ್ನು ಬೇರೆಯವರು ಆಗಲೇ ತೆಗೆದುಕೊಂಡಿರಬಹುದು, ಅದಕ್ಕೆ ನಾಲ್ಕೈದು ಹೆಸರು ಕೈಯಲ್ಲಿರಲಿ. ಹೆಸರು ಸಿಗುವ ಮೊದಲೇ ಲೋಗೊಗೆ ದುಡ್ಡು ಹಾಕಬೇಡಿ.

ಮುಖಪುಟದ ಹೆಸರನ್ನು ತೀರಾ ತುದಿಗೆ ಅಂಟಿಸಬೇಡಿ. ನಮ್ಮ ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲಿ ಪತ್ರಿಕೆಯನ್ನು ಹಗ್ಗಕ್ಕೆ ಕ್ಲಿಪ್ ಹಾಕಿ ತೂಗುಬಿಡುತ್ತಾರೆ. ಕ್ಲಿಪ್ ಮೇಲಿನ ನಡುಭಾಗವನ್ನೇ ಕಚ್ಚುತ್ತದೆ. ಹೆಸರನ್ನು ಒಂದು ಇಂಚು ಕೆಳಗಿಳಿಸಿ, ಅಥವಾ ಎಡಕ್ಕೆ ಸರಿಸಿ. ಇನ್ನೊಂದು ಅಂಗಡಿ ವಾಟ್ಸಾಪ್. ಅಲ್ಲಿ ಮುಖಪುಟ ಹೆಬ್ಬೆರಳಿನ ಉಗುರಿನಷ್ಟಾಗುತ್ತದೆ. ಫೋನಿನಲ್ಲಿ ಅಷ್ಟು ಸಣ್ಣದು ಮಾಡಿ ನೋಡಿ. ಹೆಸರು, ಒಂದು ಮುಖ, ಒಂದು ಸಾಲು ಇಷ್ಟು ಓದಲು ಬಂದರೆ ಪಾಸ್.

ಮುಖಪುಟಕ್ಕೆ ಒಬ್ಬರ ಮುಖ, ಕಣ್ಣು ನೇರ ಓದುಗರ ಕಡೆ. ಗುಂಪು ಫೋಟೊ ಬೇಡ. ಗುಂಪಿನಲ್ಲಿ ಎಲ್ಲರನ್ನೂ ಮೆಚ್ಚಿಸಿದ ಹಾಗಾಗುತ್ತದೆ, ಯಾರ ಮೇಲೂ ಕಣ್ಣು ನಿಲ್ಲುವುದಿಲ್ಲ. ಜೊತೆಗೆ ಮೂರೇ ಸಾಲು ಇರಲಿ, ಅದರಲ್ಲಿ ಒಂದು ಸಾಲು ಕೈಯಿಂದ ಮಾಡುವ ಕೆಲಸದ್ದಾಗಿರಲಿ: "ಬೊಳಕಾಟ್ ಪಾಟ್ ಪೂರ್ತಿ, ಅರ್ಥದ ಜೊತೆ", "ದುಡಿಯ ಮೊದಲ ಪೆಟ್ಟು ಕಲಿಯಿರಿ" ಅನ್ನುವ ಥರ.

ಬಣ್ಣದ ಬಗ್ಗೆ ಒಂದು ಮಾತು. ಕೊಡಗು ಅಂದ ತಕ್ಷಣ ಡಿಸೈನರ್‌ಗಳು ಕೊಡವ ಗಂಡಸರ ಉದ್ದ ಕೋಟು ಕುಪ್ಯದ ಕಪ್ಪು, ಸೊಂಟಪಟ್ಟಿ ಚೇಲೆಯ ಕೆಂಪು, ಮಂಜು, ಕಾಫಿ ಹಣ್ಣು ಹಿಡಿದುಕೊಂಡು ಬರುತ್ತಾರೆ. ಹೋಂಸ್ಟೇ ಬೋರ್ಡುಗಳಲ್ಲಿ ಅದೆಲ್ಲ ಬೇಕಾದಷ್ಟಿದೆ. ಅಲ್ಲದೆ ಅರೆಭಾಷೆಯ ಹುಡುಗನೋ ಯರವ ಹಾಡಿಯ ಹುಡುಗಿಯೋ ಅದನ್ನು ಕಂಡು ಇದು ನಮ್ಮದಲ್ಲ ಅಂತ ಮುಂದೆ ಹೋಗಬಹುದು. ಪ್ರತಿ ಸಂಚಿಕೆಗೂ ಒಂದೇ ಗಟ್ಟಿ ಬಣ್ಣ ಇಟ್ಟುಕೊಳ್ಳಿ. ಪುತ್ತರಿಗೆ ಕದಿರಿನ ಹಳದಿ, ಮಳೆಗಾಲಕ್ಕೆ ಪಾಚಿ ಹಸಿರು. ಅದೇ ಬಣ್ಣ ಒಳಗಿನ ತಲೆಬರಹದಲ್ಲೂ ಬರಲಿ.

ಕನ್ನಡ ಅಕ್ಷರ ಕೂರಿಸುವುದು

ಎಲ್ಲರೂ ಎಡವುವುದು ಇಲ್ಲೇ. ಇಂಗ್ಲಿಷ್ ಪತ್ರಿಕೆಯ ಟೆಂಪ್ಲೇಟ್ ತಂದು ಅದರಲ್ಲಿ ಕನ್ನಡ ತುಂಬಿದರೆ ಮೂರು ಕಡೆ ಕೈಕೊಡುತ್ತದೆ.

ಒಂದು, ಸಾಲುಗಳ ನಡುವಿನ ಜಾಗ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಣಿತ ಮೇಲೆ ಏರುತ್ತದೆ. ಟೆಂಪ್ಲೇಟಿನಲ್ಲಿ 10 ಪಾಯಿಂಟ್ ಅಕ್ಷರಕ್ಕೆ 12 ಪಾಯಿಂಟ್ ಸಾಲು ಇರುತ್ತದೆ. ನಮಗೆ 11 ಪಾಯಿಂಟ್ ಅಕ್ಷರಕ್ಕೆ 16 ಬೇಕು. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ.

ಎರಡು, ಕಾಲಂ ಅಗಲ. ನಮ್ಮ ಪದಗಳು ಉದ್ದ, ಪದ ಒಡೆದು ಗೆರೆ ಹಾಕುವ ರೂಢಿಯೂ ಕಮ್ಮಿ. ಮೂರು ಕಾಲಂ ಮಾಡಿ ಎರಡೂ ಬದಿ ಸಮ ಮಾಡಿದರೆ ಸಾಲಿನಲ್ಲಿ ಮೂರೇ ಪದ ಉಳಿದು ನಡುವೆ ದೊಡ್ಡ ದೊಡ್ಡ ತೂತು ಬೀಳುತ್ತದೆ. ಕ್ರೌನ್ ಕಾಲು ಅಳತೆಗೆ, ಅಂದರೆ ಸುಮಾರು 7.5 × 10 ಇಂಚಿಗೆ, ಎರಡು ಕಾಲಂ ಸಾಕು. ಬಲಬದಿಯನ್ನು ಸಮ ಮಾಡದೆ ಹಾಗೇ ಬಿಡಿ, ನೋಡಲು ಚೆಂದವೇ ಇರುತ್ತದೆ.

ಮೂರು, ಕೊಡವರ ಭಾಷೆ ಕೊಡವ ತಕ್ಕ್ ಮತ್ತು ಅರೆಭಾಷೆ. ಕೊಡವ ತಕ್ಕ್‌ನಲ್ಲಿ ಪಾಟ್, ಕೊಟ್ಟ್, ಆಟ್ ಅಂತ ಅರ್ಧಾಕ್ಷರದಲ್ಲಿ ಮುಗಿಯುವ ಪದಗಳು ಎಷ್ಟೊಂದು. ಇವುಗಳ ಮುಂದೆ ಇನ್ನೊಂದು ಪದ ಅಥವಾ ಪ್ರತ್ಯಯ ಸೇರಿದಾಗ ಕಂಪ್ಯೂಟರ್ ಎರಡನ್ನೂ ಕೂಡಿಸಿ ಒತ್ತಕ್ಷರ ಮಾಡಿಬಿಡುತ್ತದೆ. 'ಪಾಟ್‌ಕಾರ' ಹೋಗಿ 'ಪಾಟ್ಕಾರ' ಆಗುತ್ತದೆ. ಯೂನಿಕೋಡಿನಲ್ಲಿ ಇದನ್ನು ತಡೆಯಲು ಕಣ್ಣಿಗೆ ಕಾಣದ ಒಂದು ಅಕ್ಷರವಿದೆ, ಝಡ್‌ಡಬ್ಲ್ಯುಎನ್‌ಜೆ ಅಂತ. ಅರ್ಧಾಕ್ಷರದ ಮುಂದೆ ಅದನ್ನು ಹಾಕಬೇಕು. ಲೇಖನ ಕೈಗೆ ಬಂದಾಗಲೇ ಹುಡುಕಿ ಸರಿಮಾಡಿ, ಪುಟ ಕಟ್ಟಿದ ಮೇಲೆ ಮಾಡಿದರೆ ಸಾಲುಗಳು ಜರುಗುತ್ತವೆ. ಹಾಗೇ ಒಂದು ಹಾಳೆಯಲ್ಲಿ ಕಾಗುಣಿತ ಬರೆದಿಟ್ಟುಕೊಳ್ಳಿ: ಪುತ್ತರಿಯೋ ಹುತ್ತರಿಯೋ, ವಾಲಗವೋ ವೋಲಗವೋ. ಯಾವುದಾದರೂ ಸರಿ, ಇಡೀ ಸಂಚಿಕೆಯಲ್ಲಿ ಒಂದೇ ಇರಲಿ. ಸಂದರ್ಶನದಲ್ಲಿ ಅಜ್ಜ ಕೊಡವ ತಕ್ಕ್‌ನಲ್ಲೇ ಮಾತಾಡಿದರೆ ಅವರ ಒಳ್ಳೆಯ ಎರಡು ಸಾಲನ್ನು ಹಾಗೇ ದೊಡ್ಡ ಅಕ್ಷರದಲ್ಲಿ ಕೊಟ್ಟು, ಕೆಳಗೆ ಕನ್ನಡದಲ್ಲಿ ತಾತ್ಪರ್ಯ ಕೊಡಿ.

ಫಾಂಟಿಗೆ ದುಡ್ಡು ಹಾಕಬೇಕಿಲ್ಲ. ನೋಟೊ ಸೆರಿಫ್ ಕನ್ನಡ, ತಿರೊ ಕನ್ನಡ ಒಳಪುಟಕ್ಕೆ ಚೆನ್ನ. ತಲೆಬರಹಕ್ಕೆ ಬಾಲೂ ತಮ್ಮ, ಅನೇಕ್ ಕನ್ನಡ ಇವೆ. ಎಲ್ಲವೂ ಉಚಿತ, ಅಚ್ಚಿಗೂ ಬಳಸಬಹುದು. ಎರಡಕ್ಕಿಂತ ಜಾಸ್ತಿ ಫಾಂಟ್ ಬೇಡ. ಪುಟ ಕಟ್ಟಲು ಇನ್‌ಡಿಸೈನ್ ಬಳಸುವವರು ಪ್ಯಾರಾಗ್ರಾಫ್ ಸೆಟ್ಟಿಂಗಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಬೇಕು, ಇಲ್ಲದಿದ್ದರೆ ಒತ್ತಕ್ಷರ ಒಡೆಯುತ್ತದೆ. ಉಚಿತದ್ದೇ ಬೇಕು ಅಂದರೆ ಸ್ಕ್ರೈಬಸ್ 1.6. ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದ್ದರೆ ಯೂನಿಕೋಡಿಗೆ ತಿರುಗಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನೆಲ್ಲ ಒಂದು ಸಲ ಕಣ್ಣಾರೆ ನೋಡಿ.

ಹಾಡಿನ ಪುಟ

ನನ್ನನ್ನು ಕೇಳಿದರೆ ಇಡೀ ಪತ್ರಿಕೆಯ ಜೀವ ಇದು. ಬಾಕಿ ಎಲ್ಲವನ್ನೂ ಓದಿ ಬಿಡುತ್ತಾರೆ, ಇದನ್ನು ಇಟ್ಟುಕೊಳ್ಳುತ್ತಾರೆ.

ದುಡಿಕೊಟ್ಟ್ ಪಾಟ್ ಹಾಡುವವರು ನಾಲ್ವರು. ಇಬ್ಬರು ಎತ್ತಿದ ಸಾಲನ್ನು ಇನ್ನಿಬ್ಬರು ಹಿಂದೆಯೇ ಹೇಳುತ್ತಾರೆ. ಕೈಯಲ್ಲಿ ದುಡಿ ನಿಲ್ಲದೆ ಬಡಿಯುತ್ತಿರುತ್ತದೆ. ಇದನ್ನು ಕವನದ ಥರ ನಡುವೆ ಜೋಡಿಸಿದರೆ ಈ ಆಟವೇ ಕಾಣುವುದಿಲ್ಲ. ಹೀಗೆ ಮಾಡಿ: ಮೊದಲ ಜೋಡಿಯ ಸಾಲು ಎಡ ಅಂಚಿನಿಂದ, ಕಪ್ಪಿನಲ್ಲಿ. ಎರಡನೇ ಜೋಡಿಯ ಸಾಲು 8 ಮಿಲಿಮೀಟರ್ ಒಳಗಿನಿಂದ, ಆ ಸಂಚಿಕೆಯ ಬಣ್ಣದಲ್ಲಿ. ಮೊದಲ ನಾಲ್ಕು ಸಾಲಿಗೆ ಮಾತ್ರ ದುಡಿಯ ಪೆಟ್ಟು ಬೀಳುವ ಅಕ್ಷರದ ಮೇಲೆ ಚುಕ್ಕಿ. ಪೂರ್ತಿ ಹಾಡಿಗೆ ಹಾಕಿದರೆ ಇರುವೆ ಹತ್ತಿದ ಹಾಗೆ ಕಾಣುತ್ತದೆ. ಕಷ್ಟದ ಪದದ ಅರ್ಥ ಪುಟದ ಕೆಳಗೆ ಬೇಡ, ಅದೇ ಸಾಲಿನ ಪಕ್ಕದ ಅಂಚಿನಲ್ಲಿ 9 ಪಾಯಿಂಟಿನಲ್ಲಿ ಇರಲಿ. ಹಾಡುತ್ತಿರುವವರ ಕಣ್ಣು ಕೆಳಗೆ ಹೋಗಿ ವಾಪಸ್ ಬರುವಷ್ಟರಲ್ಲಿ ತಾಳ ತಪ್ಪಿರುತ್ತದೆ.

ಅಕ್ಷರ 13 ಪಾಯಿಂಟ್, ಸಾಲು 20. ಯಾಕೆ ಇಷ್ಟು ದೊಡ್ಡದು? ಈ ಪುಟವನ್ನು ಊರ ಹಬ್ಬದ ಬಯಲಾದ ಮಂದಿನಲ್ಲೋ ಮನೆಯ ಅಂಗಳದಲ್ಲೋ, ರಾತ್ರಿ ಹೊತ್ತು, ಒಂದು ಫೋನಿನ ಬೆಳಕಿನಲ್ಲಿ ಮೂವರು ಬಗ್ಗಿ ಓದುತ್ತಾರೆ. ಜಾಗ ಪತ್ರಿಕೆಯ ನಟ್ಟನಡುವೆ. 32 ಪುಟದ, ಪಿನ್ ಹೊಡೆದ ಪತ್ರಿಕೆಯಲ್ಲಿ 16-17ನೇ ಪುಟ ಒಂದೇ ಹಾಳೆ. ಚಪ್ಪಟೆಯಾಗಿ ತೆರೆದುಕೊಳ್ಳುತ್ತದೆ, ಪಿನ್ ಬಿಡಿಸಿ ಗೋಡೆಗೂ ಅಂಟಿಸಬಹುದು.

ರಾಗ ಗೊತ್ತಿಲ್ಲದವರಿಗೆ ಪಕ್ಕದಲ್ಲೊಂದು ಕ್ಯೂಆರ್ ಕೋಡ್. ಕನಿಷ್ಠ 2 ಸೆಂಟಿಮೀಟರ್, ಸುತ್ತ ಬಿಳಿ ಜಾಗ, ಫೋಟೊ ಮೇಲೆ ಬೇಡ. ಲಿಂಕ್ ಚಿಕ್ಕದಿದ್ದಷ್ಟೂ ಚೌಕಗಳು ದೊಡ್ಡದಾಗಿ, ಮಬ್ಬು ಬೆಳಕಿನಲ್ಲೂ ಸ್ಕ್ಯಾನ್ ಆಗುತ್ತದೆ. ಆಡಿಯೊ 64 ಕೆಬಿಪಿಎಸ್ ಮಾಡಿದರೆ ನಿಮಿಷಕ್ಕೆ ಅರ್ಧ ಎಂಬಿ. ನಮ್ಮ ಕೆಲವು ಊರುಗಳಲ್ಲಿ ನೆಟ್‌ವರ್ಕ್ ಸಿಗಲು ಗುಡ್ಡ ಹತ್ತಬೇಕು ಅಂತ ನಿಮಗೂ ಗೊತ್ತು ಅಲ್ವಾ.

ಹಕ್ಕಿನ ವಿಚಾರ. ನಡಿಕೇರಿಯಂಡ ಚಿಣ್ಣಪ್ಪ ಅವರು ಸಂಗ್ರಹಿಸಿ 1924ರಲ್ಲಿ ತಂದ ಪಟ್ಟೋಲೆ ಪಳಮೆಯ ಹಾಡುಗಳನ್ನು ಅಚ್ಚು ಹಾಕಲು ತೊಂದರೆಯಿಲ್ಲ. ಬರೆದವರು ತೀರಿಹೋಗಿ 60 ವರ್ಷ ಕಳೆದರೆ ಕೃತಿಸ್ವಾಮ್ಯ ಮುಗಿಯುತ್ತದೆ. ಈಗಿನವರು ಬರೆದ ಹಾಡಿಗೆ ಲಿಖಿತ ಒಪ್ಪಿಗೆ ಬೇಕು. ಊರಿನ ಹಾಡುಗಾರರಿಂದ ಕೇಳಿ ಬರೆದುಕೊಂಡಿದ್ದಾದರೆ ಅವರ ಹೆಸರು, ಊರು ಹಾಡಿನ ತಲೆಯ ಮೇಲೇ ಬರಲಿ.

ಇದೇ ಮಾತು ವಾಲಗದವರಿಗೂ. ಕೊಂಬು ಊದುವವರು, ಪರೆ ಬಡಿಯುವವರು ಹೆಚ್ಚಾಗಿ ಮೇದ, ಕೆಂಬಟ್ಟಿಯಂಥ ಸಮುದಾಯದವರು. ಮದುವೆ ಆಲ್ಬಮ್ಮಿನಲ್ಲಿ ಕುಣಿಯುವವರ ಫೋಟೊ ಸಾವಿರ ಇರುತ್ತದೆ, ನುಡಿಸುವವರದ್ದು ಒಂದೂ ಇರುವುದಿಲ್ಲ. ಸಂಗೀತ ಪತ್ರಿಕೆಯೂ ಹಾಗೇ ಮಾಡಿದರೆ ಅದು ಮದುವೆ ಆಲ್ಬಮ್ಮೇ. ಪ್ರತಿ ಸಂಚಿಕೆಯಲ್ಲೂ ಒಂದು ವಾಲಗ ತಂಡಕ್ಕೆ ಎರಡು ಪುಟ ಕೊಡಿ. ಅವರು ಒಪ್ಪಿದರೆ ಫೋನ್ ನಂಬರನ್ನೂ ಹಾಕಿ, ಅವರಿಗೂ ನಾಲ್ಕು ಬುಕಿಂಗ್ ಸಿಗುತ್ತದೆ.

ಪುಟಗಳ ನಕ್ಷೆ

ಪಿನ್ ಹೊಡೆಯುವ ಪತ್ರಿಕೆಯ ಪುಟಗಳು ನಾಲ್ಕರ ಲೆಕ್ಕದಲ್ಲಿ ಇರಬೇಕು. 32 ಒಳಪುಟ, 4 ಮುಖಪುಟ ಶುರುವಿಗೆ ಸರಿ. ಎ4 ಹಾಳೆಗಳನ್ನು ಮಡಚಿ ಒಂದು ಡಮ್ಮಿ ಮಾಡಿ, ಯಾವ ಪುಟಕ್ಕೆ ಏನು ಅಂತ ಪೆನ್ಸಿಲ್‌ನಲ್ಲಿ ಬರೆಯಿರಿ. ಸಣ್ಣ ಸಣ್ಣ ತುಣುಕುಗಳು ಮುಂದೆ, ದೊಡ್ಡ ಓದು 10ರಿಂದ 15, ನಡುವೆ ಹಾಡು, ಆಮೇಲೆ ಫೋಟೊ, ವಾದ್ಯ ಕಲಿಯುವ ಪುಟ, ಕೊನೆಗೆ ಕಾರ್ಯಕ್ರಮಗಳ ಪಟ್ಟಿ.

ಸುದ್ದಿಗೆ ಜಾಗ ಹಾಳು ಮಾಡಬೇಡಿ. ಕೊಡವ ಹೆಂಗಸರ ಕುಣಿತ ಉಮ್ಮತ್ತಾಟ್‌ನ ಕಲಾವಿದೆ ರಾಣಿ ಮಾಚಯ್ಯ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಅವತ್ತೇ ಎಲ್ಲರ ಫೋನಿಗೂ ತಲುಪಿತ್ತು. ಉಮ್ಮತ್ತಾಟ್‌ನ ಹೆಜ್ಜೆ ಯಾವುದು, ಕೈತಾಳ ಎಲ್ಲಿ ಬೀಳುತ್ತದೆ ಅಂತ ಆರು ಫೋಟೊಗಳಲ್ಲಿ ತೋರಿಸುವ ಪುಟ ಯಾರ ಫೋನಿಗೂ ಬಂದಿರುವುದಿಲ್ಲ.

ಜಾಹೀರಾತು ಹಾಡಿನ ಪುಟದಲ್ಲಿ ಮಾತ್ರ ಬೇಡ. ಸೌಂಡ್ಸ್, ಕಲ್ಯಾಣ ಮಂಟಪ, ಸೀರೆ ಅಂಗಡಿ, ವಾದ್ಯ ಅಂಗಡಿಯವರಿಗೆ ಅರ್ಧ ಪುಟದ ಒಂದೇ ಅಳತೆ ಕೊಟ್ಟು, ನಿಮ್ಮ ಫಾಂಟಿನಲ್ಲೇ ನೀವೇ ವಿನ್ಯಾಸ ಮಾಡಿಕೊಡಿ. ವಿಸಿಟಿಂಗ್ ಕಾರ್ಡಿನ ಫೋಟೊ ಕಳಿಸಿ "ಇದನ್ನೇ ಹಾಕಿ" ಅನ್ನುವವರು ಇದ್ದೇ ಇರುತ್ತಾರೆ.

ಫೋಟೊ, ಕಾಗದ, ಪ್ರೆಸ್

ಅಚ್ಚಿಗೆ ಇಂಚಿಗೆ 300 ಚುಕ್ಕಿ, ಅಂದರೆ 300 ಡಿಪಿಐ ಬೇಕು. ವಾಟ್ಸಾಪಿನಲ್ಲಿ ಬಂದ ಫೋಟೊ ಕುಗ್ಗಿರುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಕೋಲಾಟಕ್ಕೆ ಶಟರ್ 1/250ಕ್ಕಿಂತ ಕಮ್ಮಿ ಬೇಡ, ಕೋಲು ಮಸುಕಾಗುತ್ತದೆ. ದಸರಾ ಮಂಟಪದ ಎಲ್‌ಇಡಿ ಬೆಳಕಿನಲ್ಲಿ ಪಟ್ಟೆ ಬಂದರೆ 1/100 ಅಥವಾ 1/50 ಹಾಕಿ ನೋಡಿ, ನಮ್ಮ ಕರೆಂಟು 50 ಹರ್ಟ್ಸಿನದ್ದು. ಕುಪ್ಯದ ಕಪ್ಪು ಹೊಳಪಿಲ್ಲದ ಮ್ಯಾಪ್‌ಲಿಥೊ ಕಾಗದದಲ್ಲಿ ಇನ್ನೂ ಕಪ್ಪಾಗಿ ಮಡಿಕೆಯೆಲ್ಲ ಮಾಯವಾಗುತ್ತದೆ, ಸ್ಕ್ರೀನಿನಲ್ಲಿ ಸ್ವಲ್ಪ ಜಾಸ್ತಿ ಬೆಳಗಿಸಿ ಕೊಡಿ.

ಒಳಪುಟಕ್ಕೆ 80 ಅಥವಾ 90 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಮಿನಲ್ಲಿ) ಮ್ಯಾಪ್‌ಲಿಥೊ. ಹೊಳೆಯುವ ಆರ್ಟ್ ಪೇಪರ್ ನಮ್ಮ ಮಳೆಗಾಲಕ್ಕೆ ಆಗಿ ಬರಲ್ಲ, ಥಂಡಿಗೆ ಪುಟಕ್ಕೆ ಪುಟ ಅಂಟಿಕೊಳ್ಳುತ್ತದೆ. ಮುಖಪುಟಕ್ಕೆ ಹೊರಬದಿ ಮಾತ್ರ ಲ್ಯಾಮಿನೇಷನ್ ಮಾಡಿಸಿದರೆ ಒಳಬದಿ ತೇವ ಕುಡಿದು ಹಿಗ್ಗುತ್ತದೆ, ಹೊರಬದಿ ಹಿಗ್ಗುವುದಿಲ್ಲ. ಜುಲೈ ಹೊತ್ತಿಗೆ ಮುಖಪುಟ ಹಪ್ಪಳದ ಥರ ಸುರುಳಿ. ಅದಕ್ಕೆ 220 ಜಿಎಸ್‌ಎಂ ಮೇಲಿನ ಕಾರ್ಡು, ಲ್ಯಾಮಿನೇಷನ್ ಬದಲು ವಾರ್ನಿಷ್. ಕಾಗದದ ನಾರು ಮಡಿಕೆಯ ಉದ್ದಕ್ಕೇ ಹೋಗುವಂತೆ ಕತ್ತರಿಸಲು ಪ್ರೆಸ್ಸಿನವರಿಗೆ ಹೇಳಿ, ಇಲ್ಲದಿದ್ದರೆ ಬೆನ್ನಿನಲ್ಲಿ ಬಿರುಕು ಬಿಡುತ್ತದೆ.

ಫೈಲ್ ಅಚ್ಚಿನ ನಾಲ್ಕು ಶಾಯಿಯ ಲೆಕ್ಕದ ಸಿಎಂವೈಕೆಯಲ್ಲಿ, ಸುತ್ತ ಕತ್ತರಿಸಿ ಹೋಗುವ 3 ಮಿಲಿಮೀಟರ್ ಬ್ಲೀಡ್, ಪಠ್ಯ ಪೂರ್ತಿ ಬರೀ ಕಪ್ಪು ಶಾಯಿಯಲ್ಲಿ. ಕಪ್ಪು ಹಿನ್ನೆಲೆ ಮೇಲೆ ಸಣ್ಣ ಬಿಳಿ ಅಕ್ಷರ ಹಾಕಿದರೆ ಒತ್ತಕ್ಷರದ ಹೊಟ್ಟೆಯೊಳಗೆ ಶಾಯಿ ತುಂಬಿಕೊಳ್ಳುತ್ತದೆ. ಕೆಲವೇ ನೂರು ಪ್ರತಿಗಾದರೆ ಡಿಜಿಟಲ್, ಸಾವಿರ ದಾಟಿದರೆ ಆಫ್‌ಸೆಟ್ ಅಗ್ಗವಾಗುತ್ತದೆ. ಪ್ಲೇಟ್ ಹಾಕುವ ಮೊದಲು ಅದೇ ಕಾಗದದ ಮೇಲೆ ಎರಡು ಪುಟ ಪ್ರೂಫ್ ತೆಗೆಸಿ, ಮನೆಯ ಹಳದಿ ಬಲ್ಬಿನ ಕೆಳಗೆ ನೋಡಿ.

ದಿನ ಗೊತ್ತು ಮಾಡುವುದು, ತಲುಪಿಸುವುದು

ನಮ್ಮ ಹುಡುಗಿ ಊರಲ್ಲಿರುವ ದಿನವೇ ಬಿಡುಗಡೆ. ಪುತ್ತರಿಯ ಮುಹೂರ್ತ ಗೊತ್ತಾಗುವುದು ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ, ಸಾಮಾನ್ಯವಾಗಿ ನವೆಂಬರ್ ಕೊನೆ ಅಥವಾ ಡಿಸೆಂಬರಿನ ಮೊದಲರ್ಧದಲ್ಲಿ ಬರುತ್ತದೆ. ಆದ್ದರಿಂದ ಒಳಪುಟಗಳು ಕಾವೇರಿ ಸಂಕ್ರಮಣದ ಹೊತ್ತಿಗೆ, ಅಂದರೆ ಅಕ್ಟೋಬರ್ ನಡುವೆ, ಮುಗಿದಿರಲಿ. ನವೆಂಬರ್ ಪೂರ್ತಿ ಪ್ರೂಫ್, ಜಾಹೀರಾತು, ಪ್ರೆಸ್. ದಿನಾಂಕದ ಜಾಗ ಒಂದನ್ನು ಕೊನೆಯವರೆಗೂ ಖಾಲಿ ಬಿಡಿ. ಕಾಫಿ ಕೊಯ್ಲು ಶುರುವಾದರೆ ತೋಟದವರು ಫೋನೇ ಎತ್ತಲ್ಲ, ಜಾಹೀರಾತಿನ ಮಾತು ಅದಕ್ಕೂ ಮೊದಲೇ ಆಗಿರಬೇಕು.

ಜಿಲ್ಲೆಗೆ ರೈಲಿಲ್ಲ. ಕಟ್ಟುಗಳು ಬಸ್ಸಿನಲ್ಲೇ ಹೋಗಬೇಕು. 50 ಪ್ರತಿಗೆ ಒಂದು ಕಟ್ಟು, ಮೊದಲು ಪ್ಲಾಸ್ಟಿಕ್, ಮೇಲೆ ಕಾಗದ, ಊರಿನ ಹೆಸರು ದಪ್ಪ ಅಕ್ಷರದಲ್ಲಿ. ಮಡಿಕೇರಿಗೆ ಶುಕ್ರವಾರದ ಸಂತೆಗೆ ಮೊದಲು ತಲುಪಿದರೆ ಸುತ್ತಲಿನ ಹಳ್ಳಿಗಳಿಗೂ ಹೋಗುತ್ತದೆ. ಬೆಂಗಳೂರು, ಮೈಸೂರಿನ ಕೊಡವ ಸಮಾಜ, ಗೌಡ ಸಮಾಜಗಳಿಗೆ ತಲಾ ಒಂದು ಕಟ್ಟು. ಅಂಗಡಿಯವರಿಗೆ ಕೊಡುವಾಗ ಉಳಿದ ಪ್ರತಿ ವಾಪಸ್ ತೆಗೆದುಕೊಳ್ಳುವ ದಿನವನ್ನು ಚೀಟಿಯಲ್ಲೇ ಬರೆದು ಕೊಡಿ. ಆ ದಿನ ಹೋದಾಗ ಯಾವ ಪುಟ ತೆರೆದು ನೋಡುತ್ತಿದ್ದರು ಅಂತ ಕೇಳಿ. ಲೆಕ್ಕದ ಪುಸ್ತಕದಲ್ಲಿ ಅದಕ್ಕೂ ಒಂದು ಕಾಲಂ ಇರಲಿ.